ಲುವಾ ಕಲಿಯುವಾಗ ಎದುರಾಗುವ ಜಾವಾಸ್ಕ್ರಿಪ್ಟ್

ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಮೆಚ್ಚಿ ವರ್ಷಗಟ್ಟಲೆ ಬರೆದವರಿಗೆ ಲುವಾ ಮೊದಲ ನೋಟಕ್ಕೆ ದೂರದ ಭಾಷೆಯಂತೆ ಕಾಣುತ್ತದೆ. ಅಲ್ಲಿ ಬ್ಲಾಕ್‌ಗಳು ‘ಎಂಡ್’ ಎಂಬ ಪದದಿಂದ ಮುಗಿಯುತ್ತವೆ. ಸ್ಟ್ರಿಂಗ್‌ಗಳನ್ನು (ಪಠ್ಯದ ತುಣುಕುಗಳನ್ನು) ಜೋಡಿಸಲು ಪ್ಲಸ್ ಚಿಹ್ನೆಯ ಬದಲು ಎರಡು ಚುಕ್ಕೆಗಳನ್ನು ಇಡಬೇಕು. ಈ ಹೊರಮೈಯನ್ನು ದಾಟಿದರೆ ಒಳಗಿನ ಕಟ್ಟಡ ಅಚ್ಚರಿಯಾಗುವಷ್ಟು ಪರಿಚಿತ. ಲುವಾ 1993ರಲ್ಲಿ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು; ಬ್ರೆಂಡನ್ ಐಕ್ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್‌ನಲ್ಲಿ ಜಾವಾಸ್ಕ್ರಿಪ್ಟನ್ನು ರೂಪಿಸಿದ್ದು 1995ರಲ್ಲಿ. ಎರಡರಲ್ಲೂ ಸ್ಕೀಮ್ ಭಾಷೆಯ ಛಾಯೆಯಿದೆ, ಎರಡೂ ಬೇರೊಂದು ದೊಡ್ಡ ತಂತ್ರಾಂಶದೊಳಗೆ ಇದ್ದುಕೊಂಡು ಕೆಲಸ ಮಾಡಲೆಂದು ಬಂದ ಭಾಷೆಗಳು. ಈ ಹೋಲಿಕೆ ಕಲಿಕೆಯನ್ನು ಬಹಳ ಹಗುರ ಮಾಡುತ್ತದೆ. ಆದರೆ ಒಂದೊಂದು ಹೋಲಿಕೆಯನ್ನೂ ಓಡಿಸಿ ನೋಡಿದ ಮೇಲಷ್ಟೇ ನಂಬಬೇಕು ಎಂಬುದು ನನ್ನ ಅನುಭವ.

ಮೊದಲ ಹಂತದಲ್ಲಿ, ಜಾವಾಸ್ಕ್ರಿಪ್ಟ್‌ನಲ್ಲಿ ನೀವು ಈಗಾಗಲೇ ಬರೆದಿರುವ, ಐವತ್ತು ಸಾಲು ಮೀರದ ಪ್ರೋಗ್ರಾಮೊಂದನ್ನು ಆರಿಸಿಕೊಳ್ಳಿ. ನಾನು ಆರಿಸಿದ್ದು ಒಂದು ಪಠ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಪ್ರೋಗ್ರಾಮನ್ನು. ಉತ್ತರ ಏನು ಬರಬೇಕೆಂಬುದು ಮೊದಲೇ ಗೊತ್ತಿರುವುದರಿಂದ ತಪ್ಪು ಎಲ್ಲಿದೆ ಎಂಬುದು ಬೇಗ ಕಣ್ಣಿಗೆ ಬೀಳುತ್ತದೆ.

ಬಳಿಕ ‘ಟೇಬಲ್’ ಎಂಬುದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಆಬ್ಜೆಕ್ಟ್, ಅರೇ, ಮ್ಯಾಪ್ ಎಂದು ಬೇರೆ ಬೇರೆಯಾಗಿರುವುದೆಲ್ಲ ಲುವಾದಲ್ಲಿ ಟೇಬಲ್ ಒಂದೇ. ಚುಕ್ಕೆ ಇಟ್ಟು ಹೆಸರು ಬರೆದರೂ ಚೌಕ ಆವರಣದಲ್ಲಿ ಅದೇ ಹೆಸರನ್ನು ಸ್ಟ್ರಿಂಗ್ ಆಗಿ ಕೊಟ್ಟರೂ ಸಿಗುವುದು ಒಂದೇ ಬೆಲೆ, ಥೇಟ್ ಜಾವಾಸ್ಕ್ರಿಪ್ಟ್‌ನಂತೆ. ಪದ ಎಣಿಸುವಾಗ ‘ಈ ಪದಕ್ಕೆ ಈಗಿರುವ ಎಣಿಕೆ, ಇಲ್ಲದಿದ್ದರೆ ಸೊನ್ನೆ, ಅದಕ್ಕೆ ಒಂದು ಕೂಡಿಸು’ ಎಂಬ ಸಾಲನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ಲಂಬ ಗೆರೆಗಳಿಂದ ಬರೆಯುತ್ತೇವೆ. ಆ ಗೆರೆಗಳಿದ್ದ ಜಾಗದಲ್ಲಿ ‘ಆರ್’ ಎಂದು ಬರೆದರೆ ಅದು ಲುವಾ ಆಗಿಬಿಡುತ್ತದೆ. ಫಂಕ್ಷನ್ನನ್ನು ವೇರಿಯಬಲ್‌ನಲ್ಲಿ ಇಡುವುದು, ಇನ್ನೊಂದು ಫಂಕ್ಷನ್ನಿಗೆ ಕಳಿಸುವುದು, ಕ್ಲೋಷರ್‌ನಲ್ಲಿ ಹೊರಗಿನ ಬೆಲೆಯನ್ನು ಹಿಡಿದಿಡುವುದು ಇವೆಲ್ಲವೂ ಹಾಗೆಯೇ ನಡೆಯುತ್ತವೆ.

ಮೂರನೆಯ ಹಂತಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಹೋಲಿಕೆ ಕೈಬಿಡುವುದು ಇಲ್ಲಿಯೇ. ಎಣಿಸಿದ ಪದಗಳನ್ನು ಹೆಚ್ಚಿನಿಂದ ಕಡಿಮೆಗೆ ಜೋಡಿಸಲು ನಾನು ಹಳೆಯ ಅಭ್ಯಾಸದಂತೆ, ಎರಡು ಎಣಿಕೆಗಳ ವ್ಯತ್ಯಾಸವನ್ನು ಹಿಂದಿರುಗಿಸುವ ಫಂಕ್ಷನ್ನನ್ನು ಸಾರ್ಟ್‌ಗೆ ಕೊಟ್ಟೆ. ಪಟ್ಟಿ ಅಡ್ಡಾದಿಡ್ಡಿಯಾಗಿ ಬಂತು. ಲುವಾದ ಸಾರ್ಟ್ ಕೇಳುವುದು ವ್ಯತ್ಯಾಸವನ್ನಲ್ಲ, ‘ಮೊದಲನೆಯದು ಮುಂದೆ ಬರಬೇಕೇ’ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರವನ್ನು. ಲುವಾದಲ್ಲಿ ‘ಫಾಲ್ಸ್’ (ಇಲ್ಲ) ಮತ್ತು ‘ನಿಲ್’ (ಬೆಲೆಯೇ ಇಲ್ಲ) ಎರಡನ್ನು ಬಿಟ್ಟು ಉಳಿದೆಲ್ಲವೂ, ಸೊನ್ನೆ ಮತ್ತು ಖಾಲಿ ಸ್ಟ್ರಿಂಗ್ ಕೂಡ, ಹೌದು ಎಂದೇ ಲೆಕ್ಕ; ಹಾಗಾಗಿ ನನ್ನ ಫಂಕ್ಷನ್ ಪ್ರತಿ ಸಲವೂ ಹೌದು ಎಂದಿತ್ತು. ಇಂಥ ತಪ್ಪಿಗೆ ಕೆಲವೊಮ್ಮೆ ದೋಷಸಂದೇಶ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ.

ಪಟ್ಟಿಯ ಮೊದಲ ಸ್ಥಾನ ಸೊನ್ನೆಯಲ್ಲ, ಒಂದು. ಸೊನ್ನೆಯಿಂದ ಲೂಪ್ ಹೊರಡಿಸಿದರೆ ಮೊದಲು ‘ನಿಲ್’ ಸಿಗುತ್ತದೆ, ಕೊನೆಯ ಪದ ಬಿಟ್ಟುಹೋಗುತ್ತದೆ. ‘ಲೋಕಲ್’ ಎಂದು ಬರೆಯದೆ ವೇರಿಯಬಲ್‌ಗೆ ಬೆಲೆ ಕೊಟ್ಟರೆ ಅದು ಸದ್ದಿಲ್ಲದೆ ಗ್ಲೋಬಲ್, ಅಂದರೆ ಇಡೀ ಪ್ರೋಗ್ರಾಮಿಗೆ ಕಾಣುವಂಥದ್ದು, ಆಗುತ್ತದೆ. ಸ್ಟ್ರಿಂಗ್ ಆಗಿರುವ 10ಕ್ಕೆ 5 ಎಂಬ ಸಂಖ್ಯೆಯನ್ನು ಕೂಡಿಸಿದರೆ ಜಾವಾಸ್ಕ್ರಿಪ್ಟ್ 105 ಎನ್ನುತ್ತದೆ, ಲುವಾ 15 ಎನ್ನುತ್ತದೆ. ಕನ್ನಡ ಪಠ್ಯ ಬಳಸುವವರು ಇನ್ನೊಂದನ್ನು ಗಮನಿಸಬೇಕು: ‘ಪದ’ ಎಂಬ ಸ್ಟ್ರಿಂಗ್‌ನ ಉದ್ದ ಜಾವಾಸ್ಕ್ರಿಪ್ಟ್‌ನಲ್ಲಿ 2; ಲುವಾದಲ್ಲಿ ಉದ್ದ ಹೇಳುವ ಹ್ಯಾಷ್ (#) ಚಿಹ್ನೆ ಬೈಟ್‌ಗಳನ್ನು ಎಣಿಸುವುದರಿಂದ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದ ಅದೇ ಪದಕ್ಕೆ ಅಲ್ಲಿ ಸಿಗುವ ಉತ್ತರ 6. ಆವೃತ್ತಿ 5.3ರಿಂದ ಬಂದಿರುವ ಯುಟಿಎಫ್8 ಲೈಬ್ರರಿಯ ‘ಲೆನ್’ ಫಂಕ್ಷನ್ ಬಳಸಿದರೆ 2 ಸಿಗುತ್ತದೆ. ಇಂಥ ಪ್ರತಿಯೊಂದನ್ನೂ ಎರಡೂ ಭಾಷೆಗಳಲ್ಲಿ ಒಂದೊಂದು ಸಾಲು ಬರೆದು, ಓಡಿಸಿ, ಬಂದ ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದಿಡಿ.

ಆಬ್ಜೆಕ್ಟ್‌ಗಳ ವಿಚಾರಕ್ಕೆ ಬರುವಷ್ಟರಲ್ಲಿ ದಾರಿ ಮತ್ತೆ ಸಲೀಸಾಗುತ್ತದೆ. ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್ ತನ್ನಲ್ಲಿಲ್ಲದ ಮೆಥಡನ್ನು (ಆಬ್ಜೆಕ್ಟಿನ ಮೇಲೆ ಕರೆಯುವ ಫಂಕ್ಷನ್ನನ್ನು) ಪ್ರೋಟೋಟೈಪ್‌ನಲ್ಲಿ ಹುಡುಕುವಂತೆ, ಲುವಾ ಟೇಬಲ್ ತನ್ನ ನಡವಳಿಕೆಯನ್ನು ಹೇಳಲು ಜೋಡಿಸಿದ ಮೆಟಾಟೇಬಲ್‌ನ ‘ಇಂಡೆಕ್ಸ್’ ತೋರಿಸುವ ಇನ್ನೊಂದು ಟೇಬಲ್‌ನಲ್ಲಿ ಹುಡುಕುತ್ತದೆ. ಮೆಥಡ್ ಕರೆಯುವಾಗ ಚುಕ್ಕೆಯ ಬದಲು ಕೋಲನ್ ಬಳಸಬೇಕು ಎಂಬುದನ್ನು ಮರೆಯಬೇಡಿ. ಚುಕ್ಕೆಯಿಟ್ಟರೆ ಆಬ್ಜೆಕ್ಟ್ ತಾನಾಗಿ ಒಳಗೆ ಹೋಗುವುದಿಲ್ಲ.

ಕೊನೆಯದಾಗಿ, ಜಾವಾಸ್ಕ್ರಿಪ್ಟ್ ಪ್ರತಿಯನ್ನು ಮುಚ್ಚಿಟ್ಟು ಅದೇ ಪ್ರೋಗ್ರಾಮನ್ನು ಖಾಲಿ ಫೈಲಿನಿಂದ ಮತ್ತೆ ಬರೆಯಿರಿ. ಈ ಸಲ ಪದ ಮತ್ತು ಎಣಿಕೆಯನ್ನು ಅರೇಯಲ್ಲಿ ಸುತ್ತಿ ಕೊಡದೆ, ಲುವಾದ ಫಂಕ್ಷನ್ ಎರಡು ಬೆಲೆಗಳನ್ನು ಒಟ್ಟಿಗೆ ಹಿಂದಿರುಗಿಸಬಲ್ಲದು ಎಂಬ ಸೌಲಭ್ಯವನ್ನು ಬಳಸಿ. ಪಠ್ಯದಿಂದ ಪದಗಳನ್ನು ಒಂದೊಂದಾಗಿ ಕೊಡುವ ಭಾಗವನ್ನು ಕೊರೂಟಿನ್ ಆಗಿ, ಅಂದರೆ ನಡುವೆ ನಿಂತು ಮತ್ತೆ ಅಲ್ಲಿಂದಲೇ ಮುಂದುವರಿಯಬಲ್ಲ ಫಂಕ್ಷನ್ ಆಗಿ, ಬರೆಯಿರಿ. ಜಾವಾಸ್ಕ್ರಿಪ್ಟ್‌ನ ಜನರೇಟರ್‌ಗೆ ಸಾಧ್ಯವಿಲ್ಲದ ಹಾಗೆ, ಅದು ತಾನು ಕರೆದ ಸಾಧಾರಣ ಫಂಕ್ಷನ್ನಿನ ಒಳಗಿನಿಂದಲೂ ಕೆಲಸ ನಿಲ್ಲಿಸಿ ಬೆಲೆಯನ್ನು ಹೊರಗೆ ಕೊಡಬಲ್ಲದು. ಎರಡೂ ಲುವಾ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ, ಮೊದಲನೆಯದರಲ್ಲಿ ಜಾವಾಸ್ಕ್ರಿಪ್ಟ್‌ನ ರೂಢಿಯಿಂದಷ್ಟೇ ಬಂದಿದ್ದ ಸಾಲುಗಳು ಯಾವುವು ಎಂಬುದು ತಾನಾಗಿ ತಿಳಿಯುತ್ತದೆ.