ಊರಿನ ದಾನಶಾಸನವನ್ನು ಕ್ರಯಪತ್ರ ಓದುವ ಹಾಗೆ ಓದುವ ಕ್ರಮ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕೆರೆ ಏರಿಯ ಮೇಲೋ ಗುಡಿಯ ಮುಂದೋ ನಿಂತಿರುವ ದಾನಶಾಸನ ಮೂಲತಃ ಒಂದು ಕಾನೂನು ಪತ್ರ. ಕೊಟ್ಟವರು, ಪಡೆದವರು, ಜಮೀನು, ಅದರ ಮೇಲಿನ ಹಕ್ಕು, ಬಿಟ್ಟುಕೊಟ್ಟ ತೆರಿಗೆ ಇಷ್ಟನ್ನು ಬೇರೆ ಬೇರೆಯಾಗಿ ಗುರುತಿಸಿಕೊಂಡರೆ ಆ ಊರಲ್ಲಿ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದು ತಾನಾಗಿ ಗೊತ್ತಾಗುತ್ತದೆ.

ಕಲ್ಲಿನ ಬಳಿಗೆ ಹೋಗುವ ಮುನ್ನ ಅಚ್ಚಾದ ಪಾಠ ಹುಡುಕಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ (1904) ತುಮಕೂರಿನದು, 10ನೇ ಸಂಪುಟ (1905) ಕೋಲಾರದ್ದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ಅಲ್ಲಿನ ಶಾಸನಗಳೂ ಕೋಲಾರದ ಸಂಪುಟದಲ್ಲೇ ಸಿಗುತ್ತವೆ. ಶಾಸನಗಳ ಸಂಖ್ಯೆ ತಾಲ್ಲೂಕುವಾರು ಇದೆ, ಅದೂ ಹಳೆಯ ಹೆಸರಿನಲ್ಲಿ: ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂದು, ಮಧುಗಿರಿಯನ್ನು ಮದ್ದಗಿರಿ ಎಂದು ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಸಂಖ್ಯೆಯೇ ಬೇರೆ. ಯಾವ ಆವೃತ್ತಿ ಎಂದು ಬರೆದುಕೊಳ್ಳದಿದ್ದರೆ ಮುಂದೆ ಪರದಾಟ ತಪ್ಪಿದ್ದಲ್ಲ. ಇಂಗ್ಲಿಷ್ ಅನುವಾದವನ್ನಷ್ಟೇ ನೆಚ್ಚಬೇಡಿ. ರೂಢಿಯ ಶ್ಲೋಕ, ಬಿರುದುಗಳನ್ನು ಅಲ್ಲಿ ಮೊಟಕು ಮಾಡಿರುತ್ತಾರೆ.

ಕಲ್ಲನ್ನು ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ಇಲ್ಲವಾದರೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ನೀರು, ಮೆತ್ತನೆಯ ಬ್ರಷ್ ಸಾಕು. ಸೀಮೆಸುಣ್ಣ ತುಂಬಿದರೆ ಬಿರುಕೂ ಅಕ್ಷರದಂತೆ ಕಾಣುತ್ತದೆ; ತಂತಿ ಬ್ರಷ್ ಉಜ್ಜಿದರೆ ಇರುವ ಅಕ್ಷರವೂ ಹೋಗುತ್ತದೆ.

ಕಾಲ ಹೊಂದಿಸುವುದು ಕಷ್ಟವಲ್ಲ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಮಾಘ, ಫಾಲ್ಗುಣವಾದರೆ 79. ನಂತರ ಸಂವತ್ಸರದೊಂದಿಗೆ ತಾಳೆ ನೋಡಿ: ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶಕ 1432ಕ್ಕೆ 12 ಸೇರಿದರೆ 1444, ಶೇಷ 4, ಅಂದರೆ ಪ್ರಮೋದೂತ. ಶೇಷ ಸೊನ್ನೆಯಾದರೆ ಅಕ್ಷಯ. ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಶಾಸನ ಸುಳ್ಳೆನ್ನಬೇಡಿ; ಕೆಲವರು ಕಳೆದ ವರ್ಷವನ್ನೂ ಕೆಲವರು ನಡೆಯುತ್ತಿರುವ ವರ್ಷವನ್ನೂ ಎಣಿಸುತ್ತಿದ್ದರು. ಕೋಲಾರದ ಕೋಲಾರಮ್ಮನ ಗುಡಿಯಲ್ಲಿರುವಂಥ ಚೋಳರ ತಮಿಳು ಶಾಸನಗಳಲ್ಲಿ ಅರಸನ ಆಳ್ವಿಕೆಯ ವರ್ಷವೇ ಆಧಾರ. ಒಂದನೇ ರಾಜೇಂದ್ರನದಾದರೆ 1012ನ್ನು ಮೊದಲ ವರ್ಷ ಎಂದು ಹಿಡಿಯಿರಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಮೊದಲ ಸಾಲುಗಳಲ್ಲಿ ‘ಮಹಾರಾಜಾಧಿರಾಜ’ ಕಂಡ ಕೂಡಲೇ ದಾನ ರಾಜನದು ಎಂದು ಬೋರ್ಡು ಬರೆಸಿಬಿಡುತ್ತಾರೆ. ‘ಪೃಥ್ವೀರಾಜ್ಯಂ ಗೆಯ್ಯುತ್ತಿರಲು’ (ರಾಜ್ಯವಾಳುತ್ತಿರುವಾಗ) ಎಂಬುದು ಕಾಲ ಹೇಳುವ ಮಾತು, ಅಷ್ಟೇ. ಕೆಳಗೆ ಇಳಿದು ‘ಕೊಟ್ಟ’, ‘ಬಿಟ್ಟ’ ಎಂಬ ಕ್ರಿಯಾಪದ ಹುಡುಕಿ, ಅದರ ಕರ್ತೃ ಯಾರು ನೋಡಿ. ಅನೇಕ ಸಲ ಅಲ್ಲಿರುವುದು ಗೌಡ, ನಾಡಪ್ರಭು, ನಾಯಕ ಅಥವಾ ಸಮಸ್ತ ನಾಡು. ಮೇಲಿನ ಒಪ್ಪಿಗೆ ಪಡೆದಿದ್ದರೆ ಅಥವಾ ಒಡೆಯನಿಗೆ ಪುಣ್ಯವಾಗಲೆಂದು ಕೊಟ್ಟಿದ್ದರೆ ಅದನ್ನೂ ಹೇಳಿರುತ್ತಾರೆ. ತೆರಿಗೆ ಬಿಡುವ ಅಧಿಕಾರ ಯಾರಿಗಿತ್ತು ಎಂಬುದು ಈ ಒಂದು ವಾಕ್ಯದಲ್ಲಿದೆ.

ಜಮೀನಿನ ಅಳತೆ ಬಿತ್ತನೆಯ ಲೆಕ್ಕದಲ್ಲಿ ಬರುತ್ತದೆ: 20 ಕೊಳಗಕ್ಕೆ ಒಂದು ಖಂಡುಗ. ಅದನ್ನು ಎಕರೆಗೆ ಇಳಿಸುವ ಹುಮ್ಮಸ್ಸು ಬೇಡ. ಕೊಳಗ ಊರಿಂದೂರಿಗೆ ಬದಲಾಗುತ್ತಿತ್ತು, ಗದ್ದೆಗೂ ಬೆದ್ದಲಿಗೂ (ಮಳೆಯಾಶ್ರಿತ ಹೊಲ) ಬಿತ್ತನೆ ಬೇರೆ. ಕೊಡುಗೆಯ ಬಗೆಯನ್ನು ಮಾತ್ರ ತಪ್ಪದೆ ಗುರುತಿಸಿ. ಕೆರೆ ಕಟ್ಟಿದವನಿಗೆ, ಕಾಯ್ದುಕೊಂಡವನಿಗೆ ಬಂದದ್ದು ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ; ಹೋರಾಡಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ. ಕೆರೆಯ ಕೊಡುಗೆಯೆಂದರೆ ದುರಸ್ತಿಯ ಹೊಣೆಯೂ ಜೊತೆಗೇ ಬಂತು.

ಹಕ್ಕಿನ ಭಾಗದಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟನ್ನು ಎಣಿಸಿ. ಇದು ಅಷ್ಟಭೋಗ: ಹೂತಿಟ್ಟ ಧನ, ನೀರು, ಕಲ್ಲಿನಿಂದ ಹಿಡಿದು ಮುಂದೆ ಬರಬಹುದಾದ ಹುಟ್ಟುವಳಿಯವರೆಗೆ. ದಾನ, ಆಧಿ, ವಿಕ್ರಯಕ್ಕೆ ಸಲ್ಲುವುದು ಎಂದು ಸೇರಿಸಿದ್ದರೆ ಪಡೆದವನು ಮಾರಬಹುದಿತ್ತು, ಅಡವಿಡಬಹುದಿತ್ತು. ಆ ಮಾತಿಲ್ಲದಿದ್ದರೆ ಮಾರುವ ಹಕ್ಕಿತ್ತೆಂದು ಊಹಿಸಬೇಡಿ. ‘ಸರ್ವಮಾನ್ಯ’ ಎಂದರೆ ಪೂರ್ತಿ ತೆರಿಗೆ ಮಾಫಿ.

ಎಲ್ಲೆ ಹೇಳಿದ್ದರೆ ನಾಲ್ಕು ದಿಕ್ಕಿನಲ್ಲೂ ನಡೆದು ನೋಡಿ. ವಾಮನಮುದ್ರೆಯ ಕಲ್ಲು ವೈಷ್ಣವ ದತ್ತಿಗೆ, ಲಿಂಗಮುದ್ರೆಯದು ಶೈವ ದತ್ತಿಗೆ, ಮುಕ್ಕೊಡೆಯದು (ಒಂದರ ಮೇಲೊಂದು ಮೂರು ಕೊಡೆ) ಜೈನ ದತ್ತಿಗೆ. ಬದುವಿನಲ್ಲಿ ಇಂಥ ಕಲ್ಲು ಸಿಕ್ಕರೆ ಕೀಳಬೇಡಿ. ಕಿತ್ತು ಗುಡಿಗೆ ತಂದಿಟ್ಟರೆ ಅದರ ಸಾಕ್ಷ್ಯ ಮುಗಿಯಿತು.

ಕೊನೆಯ ಶಾಪಾಶಯವನ್ನೂ ಬಿಡಬೇಡಿ. ದತ್ತಿ ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆಂಬ ಶ್ಲೋಕ ಎಲ್ಲೆಡೆಯೂ ಒಂದೇ. ಅದರ ಪಕ್ಕದಲ್ಲಿ ಆ ಊರಿಗಷ್ಟೇ ಸೇರಿದ ದಂಡದ ಮಾತಿದ್ದರೆ ಅದನ್ನು ಪ್ರತ್ಯೇಕವಾಗಿ ನಕಲು ಮಾಡಿ.

ಶಾಸನದಲ್ಲಿ ಪೂರ್ವಿಕರ ಹೆಸರಿದೆ ಎಂದು ಕೆಲವರು ತಾಲ್ಲೂಕು ಕಚೇರಿಗೆ ಹೋಗುವುದುಂಟು. ಕಲ್ಲೊಂದರಿಂದಲೇ ಇಂದಿನ ಹಕ್ಕು ಸಾಬೀತಾಗುವುದಿಲ್ಲ. 1954 ಮತ್ತು 1955ರ ಇನಾಂ ರದ್ದಿಯಾತಿ ಕಾಯ್ದೆಗಳು ಇಂಥ ಮಾನ್ಯಗಳನ್ನು ಸರ್ಕಾರಕ್ಕೆ ಸೇರಿಸಿದವು. ಆಮೇಲಿನ ಹಕ್ಕಿಗೆ ಆ ಕಾಯ್ದೆಯಡಿ ಆದ ಆದೇಶವನ್ನೂ ಪಹಣಿಯನ್ನೂ ನೋಡಬೇಕು.