ಬೆಕ್ಕಿನ ಕಿಂಡಿ: ಹೆಸರು ಯಾವುದು, ಕೊರೆಯೋದು ಹೇಗೆ?

ಮೂಡಿಗೆರೆಯ ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಕಿಂಡಿ ಕೊರೆಯಬೇಕು ಅಂದಾಗ ಆಚಾರಿ ನಕ್ಕುಬಿಟ್ಟರು. ಆನ್‌ಲೈನ್‌ನಲ್ಲಿ ಹುಡುಕುವಾಗ ಹೆಸರಿನದೇ ಗೊಂದಲ. ಬ್ರಿಟನ್ನಿನವರಿಗೆ ಇದು ‘ಕ್ಯಾಟ್ ಫ್ಲಾಪ್’. ಅಮೆರಿಕದವರಿಗೆ ‘ಕ್ಯಾಟ್ ಡೋರ್’, ನಾಯಿಗಾದರೆ ‘ಡಾಗಿ ಡೋರ್’. ಫ್ಲಾಪ್ ಅಂದರೆ ಮೇಲಿನಿಂದ ನೇತಾಡುವ ಹಲಗೆ. ಬರೀ ತೂತು ಫ್ಲಾಪ್ ಅಲ್ಲ. ಇಂಗ್ಲೆಂಡಿನ ಎಕ್ಸೆಟರ್ ಕ್ಯಾಥೆಡ್ರಲ್‌ನಲ್ಲಿ ಗಡಿಯಾರದ ಕೆಳಗಿನ ಬಾಗಿಲಲ್ಲಿ ಇಲಿ ಹಿಡಿಯುವ ಬೆಕ್ಕಿಗೆಂದೇ ಕೊರೆದ ಹಳೇ ತೂತು ಇದೆ. ನಮಗೆ ಎರಡೂ ‘ಬೆಕ್ಕಿನ ಕಿಂಡಿ’ಯೇ, ಅಲ್ವಾ?

ಬೆಕ್ಕು ನಿಂತಾಗ ಅದರ ಹೊಟ್ಟೆ ಎಷ್ಟು ಎತ್ತರದಲ್ಲಿದೆಯೋ ಅಲ್ಲಿಗೆ ಕಿಂಡಿಯ ಕೆಳಅಂಚು ಬರಲಿ. ನಾನು ಅಳೆಯದೆ ಜಾಸ್ತಿ ಮೇಲೆ ಕೊರೆಸಿದೆ. ಪಾಪ, ಬಸುರಿ ಬೆಕ್ಕು ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಕೊನೆಗೆ ಕೆಳಗೊಂದು ಇಟ್ಟಿಗೆ ಇಟ್ಟೆ. ಅಗಲ 6–7 ಇಂಚು ಸಾಕು.

ಕೆಳಅಂಚಿನಲ್ಲಿ ಅಯಸ್ಕಾಂತ ಇರುವ ಫ್ಲಾಪನ್ನೇ ಕೊಳ್ಳಿ. ಇಲ್ಲದಿದ್ದರೆ ಆಷಾಢದ ಗಾಳಿಗೆ ರಾತ್ರಿಯಿಡೀ ಟಪಟಪ. ಮೊದಲ ವಾರ ಹಲಗೆಯನ್ನು ಟೇಪ್ ಹಾಕಿ ಎತ್ತಿಡಿ, ಆಚೆ ಕಡೆ ಮೀನಿನ ತುಂಡು ಇಡಿ. ಬೆಕ್ಕನ್ನು ಹಿಡಿದು ತಳ್ಳಬೇಡಿ. ಹೆದರಿದರೆ ಮತ್ತೆ ಆ ಕಡೆ ತಲೆಹಾಕುವುದಿಲ್ಲ.