ತಾಳೆಯಾಯಿತು, ಉತ್ತರ ಮಾತ್ರ ತಪ್ಪು

ಐದು ರೂಪಾಯಿ ನಾಣ್ಯಗಳು ಹತ್ತು ರೂಪಾಯಿ ನಾಣ್ಯಗಳ ಮೂರರಷ್ಟಿವೆ. ಒಟ್ಟು ನಾಣ್ಯ 24. ಯಾವುದು ಎಷ್ಟು? ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇಂಥದ್ದೇ ಲೆಕ್ಕಕ್ಕೆ ನಾನು ಬರೆದ ಉತ್ತರ: ಐದರದು 6, ಹತ್ತರದು 18. ಸಮೀಕರಣಕ್ಕೆ ಬೆಲೆ ಹಾಕಿ ತಾಳೆಯನ್ನೂ ನೋಡಿದ್ದೆ, ಸರಿಹೋಗಿತ್ತು. ಅಂಕ ಮಾತ್ರ ಸೊನ್ನೆ.

ಈಗ ಸಂಜೆ ಹೊತ್ತು ಮನೆಪಾಠ ಹೇಳುತ್ತೇನೆ. ಮಕ್ಕಳು ಜಾರುವುದೂ ನಾನು ಜಾರಿದ ಜಾಗದಲ್ಲೇ. ಐದರ ನಾಣ್ಯ ಎಕ್ಸ್, ಹತ್ತರದು ವೈ ಎನ್ನುತ್ತಾರೆ; ‘ಐದರದು ಮೂರರಷ್ಟು’ ಎಂದು ಓದಿದ ಕೂಡಲೇ 3 ಎಕ್ಸ್ = ವೈ ಎಂದು ಬರೆದುಬಿಡುತ್ತಾರೆ. ಐದರ ನಾಣ್ಯ ಮೊದಲೇ ಜಾಸ್ತಿ, ಅದನ್ನೇ ಮತ್ತೆ ಮೂರರಿಂದ ಗುಣಿಸಿದರೆ ಎರಡು ಕಡೆ ಸಮ ಆಗುವುದು ಹೇಗೆ? ಗುಣಿಸಬೇಕಾದದ್ದು ಕಡಿಮೆ ಇರುವುದನ್ನು: ಎಕ್ಸ್ = 3 ವೈ. ಆಗ 18 ಮತ್ತು 6. ನನ್ನ ತಾಳೆ ಯಾಕೆ ಮೋಸ ಮಾಡಿತು ಅಂದರೆ, ತಪ್ಪು ಸಮೀಕರಣದ ಉತ್ತರ ಆ ತಪ್ಪು ಸಮೀಕರಣಕ್ಕೆ ಸರಿಹೊಂದಲೇಬೇಕಲ್ಲ! ಅದಕ್ಕೇ ಈಗ ತಾಳೆ ನೋಡುವಾಗ ಸಮೀಕರಣವನ್ನು ಕೈಯಿಂದ ಮುಚ್ಚಿಸಿ, ಪ್ರಶ್ನೆಯನ್ನೇ ಮತ್ತೊಮ್ಮೆ ಓದಿಸುತ್ತೇನೆ.

ಸಮೀಕರಣ ಬಿಡಿಸಲು ಆದೇಶ ವಿಧಾನವೋ (ಒಂದು ಅಕ್ಷರದ ಜಾಗದಲ್ಲಿ ಅದಕ್ಕೆ ಸಮನಾದದ್ದನ್ನು ಇಡುವುದು) ವರ್ಜಿಸುವ ವಿಧಾನವೋ (ಸಮೀಕರಣಗಳನ್ನು ಕೂಡಿಸಿಯೋ ಕಳೆದೋ ಒಂದು ಅಕ್ಷರವನ್ನು ತೆಗೆದುಹಾಕುವುದು) ಎಂದು ತಲೆ ಕೆಡಿಸಿಕೊಳ್ಳುವುದಿಲ್ಲ. ಎಕ್ಸ್, ವೈಗಳಂಥ ಒಂದು ಚರಾಕ್ಷರ ಒಂಟಿಯಾಗಿ ಸಿಕ್ಕರೆ ಆದೇಶ, ಇಲ್ಲದಿದ್ದರೆ ವರ್ಜಿಸು, ಅಷ್ಟೇ.

ಅಕ್ಷರಕ್ಕೆ ಅರ್ಥ ಕೊಡುವುದು ಇದಕ್ಕಿಂತ ಕಷ್ಟದ ಕೆಲಸ. ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಸೊಗಸಾದ ಲೆಕ್ಕವಿದೆ: 9 ಮಾದಲದ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107; 7 ಮಾದಲ, 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ಸುಲಭವಾಗಲಿ ಎಂದು ಎಕ್ಸ್, ವೈ ಬಿಟ್ಟು ‘ಮಾ’, ‘ಬೇ’ ಎಂದು ಬರೆಸಿದೆ. ಜಾಣತನ ಕೈಕೊಟ್ಟಿತು. ‘9 ಮಾ’ ಅಂದರೇನು ಎಂದು ಕೇಳಿದರೆ ಎಲ್ಲರೂ ‘ಒಂಬತ್ತು ಮಾದಲ’ ಎಂದರು. ಒಂಬತ್ತು ಮಾದಲದ ಬೆಲೆ ಎಂದು ಒಬ್ಬರೂ ಹೇಳಲಿಲ್ಲ. ಅಂದಿನಿಂದ ಮೊದಲ ಸಾಲು ಪೂರ್ತಿ ವಾಕ್ಯವಾಗಿಯೇ ಇರಬೇಕು: ‘ಒಂದು ಮಾದಲದ ಹಣ್ಣಿನ ಬೆಲೆ ಎಕ್ಸ್ ಆಗಿರಲಿ.’ ಬೆಲೆಯೋ, ಎಣಿಕೆಯೋ, ವಯಸ್ಸೋ, ಅದು ಆ ಸಾಲಿನಲ್ಲಿ ಕಾಣಬೇಕು. ವಯಸ್ಸಾದರೆ ಇಂದಿನದೋ ಐದು ವರ್ಷದ ಹಿಂದಿನದೋ ಎಂಬುದೂ.

ಆ ಹಣ್ಣಿನ ಲೆಕ್ಕಕ್ಕೆ ಮಹಾವೀರರು ಕೊಟ್ಟ ದಾರಿ ಹೀಗೆ: 9 ಸಲ 107ರಲ್ಲಿ 7 ಸಲ 101 ಕಳೆದರೆ 256, 9ರ ವರ್ಗದಲ್ಲಿ 7ರ ವರ್ಗ ಕಳೆದರೆ 32, ಭಾಗಿಸಿದರೆ ಮಾದಲದ ಬೆಲೆ 8. ನಾನದನ್ನು ಹಲಗೆ ಮೇಲೆ ಬರೆಯುತ್ತಿರುವಾಗಲೇ ಹಿಂದಿನಿಂದ ಒಬ್ಬಳು, “ಸರ್, ಎರಡನ್ನೂ ಕೂಡಿಸಿದರೆ ಹದಿನಾರು ಹದಿನಾರು ಆಗುತ್ತೆ, ಬೆಲೆ 208. ಅಂದ್ರೆ ಒಂದು ಜೋಡಿಗೆ 13. ಏಳು ಜೋಡಿಗೆ 91, ಉಳಿದ 16 ಎರಡು ಮಾದಲಕ್ಕೆ,” ಎಂದಳು. ಮಾದಲ 8, ಬೇಲ 5. ಪೆನ್ನನ್ನೇ ಮುಟ್ಟಿರಲಿಲ್ಲ.

ಪರೀಕ್ಷೆಯಲ್ಲಿ ಮಾತ್ರ ಎಕ್ಸ್, ವೈ ಬರಿಯಮ್ಮ ಎಂದೆ.